ಕಿಟ್ ಕಾರಿನ ಹಿಂದಿನ ಚಕ್ರಕ್ಕೆ ಡ್ರಮ್ಮೋ ಡಿಸ್ಕೋ: ಆರಿಸುವ ಮುಂಚೆ ನೋಡಬೇಕಾದದ್ದು

ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ತಲೆನೋವು ಶುರುವಾಗುವುದು ಹಿಂದಿನ ಚಕ್ರಕ್ಕೆ ಬಂದಾಗ. ಗುಜರಿಯಿಂದ ತಂದ ಹಳೇ ಫೋರ್ಡ್ ಆಕ್ಸಲ್ ಜೊತೆ ತುಕ್ಕು ಹಿಡಿದ ಎರಡು ಡ್ರಮ್ ಬಂದಿರುತ್ತವೆ. ಅವನ್ನೇ ತೊಳೆದು, ಹೊಸ ಶೂ (ಡ್ರಮ್ಮಿನ ಒಳಗೋಡೆಗೆ ಒತ್ತಿ ಚಕ್ರ ಹಿಡಿಯುವ ಪಟ್ಟಿ) ಹಾಕಿ ಓಡಿಸಬೇಕೋ? ಕಿತ್ತು ಬಿಸಾಕಿ ಡಿಸ್ಕ್ ಹಾಕಬೇಕೋ? ಬ್ರಿಟನ್ನಿನಲ್ಲಿ ನೌಕರಿ ಮಾಡಿಕೊಂಡು, ರಜೆ ದಿನ ಗ್ಯಾರೇಜಿನಲ್ಲಿ ಪುಟ್ಟ ಸ್ಪೋರ್ಟ್ಸ್ ಕಾರು ಕಟ್ಟುವ ನಮ್ಮವರು ಇದನ್ನು ಮತ್ತೆ ಮತ್ತೆ ಕೇಳುತ್ತಾರೆ. "ಡಿಸ್ಕ್ ಅಂದ್ರೆ ಒಳ್ಳೇದು ಅಲ್ವಾ?" ಅಂತ ಅರ್ಧ ತೀರ್ಮಾನ ಮಾಡಿಕೊಂಡೇ ಕೇಳುತ್ತಾರೆ.

ಕಿಟ್ ಕಾರಿನ ಪರಿಚಯ ಇಲ್ಲದವರಿಗೆ ಎರಡು ಮಾತು. 1957ರಲ್ಲಿ ಲೋಟಸ್ ಕಂಪನಿಯ ಕಾಲಿನ್ ಚಾಪ್ಮನ್ 'ಸೆವೆನ್' ಎಂಬ ಹಗುರ ಕಾರು ತಂದರು. ಅದನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳಬಹುದಿತ್ತು. 1973ರಲ್ಲಿ ಅದನ್ನು ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಅದೇ ಮಾದರಿಯಲ್ಲಿ ಚೌಕಾಕಾರದ ಕೊಳವೆಗಳನ್ನು ವೆಲ್ಡ್ ಮಾಡಿ ಚಾಸಿ ಕಟ್ಟಿ, ಹಳೇ ಕಾರೊಂದರ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಬ್ರೇಕ್ ತೆಗೆದು ಅದಕ್ಕೆ ಹಾಕುವ ಹವ್ಯಾಸ ಬ್ರಿಟನ್ನಿನಲ್ಲಿ ದೊಡ್ಡದಾಗಿ ಬೆಳೆದಿದೆ. ಸಾಮಾನು ಕೊಡುವ ಹಳೇ ಕಾರಿಗೆ ಡೋನರ್ ಕಾರು ಅನ್ನುತ್ತಾರೆ. ಹಿಂದೆಲ್ಲ ಅದು ಫೋರ್ಡ್ ಎಸ್ಕಾರ್ಟ್ ಆಗಿರುತ್ತಿತ್ತು. ಆಮೇಲೆ ಫೋರ್ಡ್ ಸಿಯೆರಾ ಬಂತು. ಈಗ ಹೆಚ್ಚಾಗಿ ಮಜ್ದಾ ಎಂಎಕ್ಸ್-5. ನಿಮ್ಮ ಹಿಂದಿನ ಬ್ರೇಕ್ ಯಾವುದು ಅನ್ನುವುದು ಮುಕ್ಕಾಲು ಪಾಲು ಈ ಡೋನರ್ ಕಾರಿನ ಮೇಲೇ ನಿಂತಿದೆ.

ಏನನ್ನು ನೋಡಿ ಆರಿಸಬೇಕು

ಕಾರು ಬೇಗ ನಿಲ್ಲಬೇಕು ಅನ್ನುವುದು ಎಲ್ಲರ ಮೊದಲ ಮಾತು. ಆದರೆ ಹಿಂದಿನ ಬ್ರೇಕ್ ಆರಿಸುವಾಗ ಅದು ಕೊನೆಯ ಮಾತಾಗಬೇಕು. ಆರುನೂರು ಚಿಲ್ಲರೆ ಕಿಲೋ ತೂಗುವ ಕಾರಿನ ಹಿಂದಿನ ಚಕ್ರ ಹಿಡಿದು ನಿಲ್ಲಿಸೋಕೆ ಎಂಟು ಇಂಚಿನ ಡ್ರಮ್‌ಗೂ ಬೇಕಾದಷ್ಟು ತಾಕತ್ತಿದೆ. ನೋಡಬೇಕಾದದ್ದು ಬೇರೆಯೇ ಇದೆ.

ಮೊದಲು ಬ್ಯಾಲೆನ್ಸ್. ಜೋರಾಗಿ ಬ್ರೇಕ್ ಒತ್ತಿದರೆ ಮುಂದಿನ ಚಕ್ರ ಮೊದಲು ಲಾಕ್ ಆಗಬೇಕು, ಅಂದರೆ ತಿರುಗದೆ ನಿಲ್ಲಬೇಕು. ಹಿಂದಿನದು ಮೊದಲು ಲಾಕ್ ಆದರೆ ಕಾರಿನ ಬಾಲ ಮುಂದಕ್ಕೆ ಬರುತ್ತದೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರನ್ನು ರಸ್ತೆಗೆ ಇಳಿಸಬೇಕಾದರೆ ಐವಿಎ ಅನ್ನುವ ಪರೀಕ್ಷೆ ಪಾಸಾಗಬೇಕು. ಅಲ್ಲಿ ಇದನ್ನು ನೋಡಿಯೇ ನೋಡುತ್ತಾರೆ.

ಎರಡನೆಯದು ಹ್ಯಾಂಡ್‌ಬ್ರೇಕ್. ನನ್ನ ಪ್ರಕಾರ ಬ್ಯಾಲೆನ್ಸ್‌ನಷ್ಟೇ ತೂಕ ಇದಕ್ಕೂ ಕೊಡಬೇಕು. ನಿಲ್ಲಿಸಿದ ಕಾರನ್ನು ಹಿಡಿದಿಡುವ ಬ್ರೇಕ್ ಬರೀ ಕೇಬಲ್, ಲಿವರ್ ಇಂಥ ಕಬ್ಬಿಣದ ಕೊಂಡಿಗಳಿಂದಲೇ ಹಿಡಿದಿರಬೇಕು. ಎಣ್ಣೆಯ ಒತ್ತಡ ನಂಬಿಕೊಂಡ ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್ ರ‍್ಯಾಲಿಗೆ ಸರಿ, ಪಾರ್ಕಿಂಗ್ ಬ್ರೇಕ್ ಅಂತ ನಡೆಯುವುದಿಲ್ಲ. ಆಮೇಲೆ ಪ್ರತಿ ವರ್ಷದ ಎಂಒಟಿ ಪರೀಕ್ಷೆಯಲ್ಲೂ ಎರಡು ಸರ್ಕ್ಯೂಟ್ ಬ್ರೇಕ್ (ಬ್ರೇಕ್ ಆಯಿಲ್‌ಗೆ ಎರಡು ಬೇರೆ ದಾರಿ) ಇರುವ ಕಾರಿನ ಹ್ಯಾಂಡ್‌ಬ್ರೇಕ್ ಕಾರಿನ ತೂಕದ ಕನಿಷ್ಠ 16 ಶೇಕಡಾ ಹಿಡಿತ ತೋರಿಸಬೇಕು.

ಮೂರನೆಯದು ಕಾರು ನಿಂತೇ ಇರುವ ಕಾಲ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಿಟ್ ಕಾರು ಬೇಸಿಗೆಯಲ್ಲಿ ಓಡುತ್ತದೆ, ಚಳಿಗಾಲವಿಡೀ ಒದ್ದೆ ಗ್ಯಾರೇಜಿನಲ್ಲಿ ಮಲಗಿರುತ್ತದೆ. ಕೆಲಸ ಕಡಿಮೆ, ವಿಶ್ರಾಂತಿ ಜಾಸ್ತಿ. ಅಂಥ ಬದುಕಿಗೆ ಯಾವ ಬ್ರೇಕ್ ತಾಳುತ್ತೆ ಅಂತ ಕೇಳಿಕೊಳ್ಳಬೇಕು.

ಉಳಿದವು ನಿಮಗೇ ಹೊಳೆಯುವಂಥವು: ದುಡ್ಡು, ಬಿಡಿಭಾಗ ಸಿಗುವುದು, ಚಕ್ರದೊಳಗೆ ಕೂರುವುದು, ತೂಕ. ಚಕ್ರದ ಬಗ್ಗೆ ಮಾತ್ರ ಈಗಲೇ ಹೇಳಿಬಿಡುತ್ತೇನೆ. ಎಸ್ಕಾರ್ಟ್, ಸಿಯೆರಾ ಎರಡಕ್ಕೂ ನಾಲ್ಕು ಬೋಲ್ಟಿನ ವೃತ್ತ 108 ಮಿಲಿಮೀಟರ್. ಹಳೇ ಎಂಎಕ್ಸ್-5ಗೆ 100. ಮುಂದೆ ಒಂದು, ಹಿಂದೆ ಒಂದು ಮಾಡಿಕೊಂಡರೆ ಸ್ಟೆಪ್ನಿ ಎರಡು ಬೇಕಾಗುತ್ತದೆ.

ಒಂದು ಕೈ ಲೆಕ್ಕ

ಬ್ಯಾಲೆನ್ಸ್ ವಿಚಾರ ಬಾಯಲ್ಲಿ ಹೇಳಿದರೆ ಗಾಳಿಮಾತು ಆಗುತ್ತದೆ. ಅದಕ್ಕೇ ಒಂದು ಅಂದಾಜು ಲೆಕ್ಕ. ಡ್ರೈವರ್ ಸಮೇತ 700 ಕಿಲೋ ಇರುವ ಸೆವೆನ್ ತರಹದ ಕಾರು ಅಂದುಕೊಳ್ಳಿ. ಮುಂದೆ 350, ಹಿಂದೆ 350. ವೀಲ್‌ಬೇಸ್, ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ, 2.3 ಮೀಟರ್. ಭಾರದ ಕೇಂದ್ರ ನೆಲದಿಂದ 0.4 ಮೀಟರ್ ಮೇಲೆ. 0.8 ಜಿ (ಗುರುತ್ವದ 0.8 ಪಾಲು) ಜೋರಿನಲ್ಲಿ ಬ್ರೇಕ್ ಹಿಡಿದಾಗ ಹಿಂದಿನಿಂದ ಮುಂದಕ್ಕೆ ಸರಿಯುವ ಭಾರ 700 × 0.8 × 0.4 ÷ 2.3, ಅಂದರೆ ಸುಮಾರು 97 ಕಿಲೋ. ಹಿಂದೆ ಉಳಿಯುವುದು 253. ಒಟ್ಟು ಭಾರದ 36 ಶೇಕಡಾ.

ಈಗ ಇದೇ ಲೆಕ್ಕ ಒಂದು ಸಾಧಾರಣ ಸೆಡಾನ್‌ಗೆ ಹಾಕಿ. 1,200 ಕಿಲೋ, ಮುಂದೆ 660, ಹಿಂದೆ 540, ವೀಲ್‌ಬೇಸ್ 2.6, ಭಾರದ ಕೇಂದ್ರ 0.55. ಸರಿಯುವ ಭಾರ ಸುಮಾರು 203 ಕಿಲೋ. ಹಿಂದೆ ಉಳಿಯುವುದು 337. ಇದು 28 ಶೇಕಡಾ.

ಅಂದರೆ ಡೋನರ್ ಕಾರಿನ ಬ್ರೇಕ್‌ಗಳನ್ನು ಕಂಪನಿ 28 ಶೇಕಡಾ ಆಸುಪಾಸಿಗೆ ಹೊಂದಿಸಿರುತ್ತದೆ. ನಿಮ್ಮ ಕಾರಿನ ಹಿಂಭಾಗ 36 ತನಕ ತಾಳುತ್ತದೆ. ಮುಂದಿನ ಡಿಸ್ಕ್, ಹಿಂದಿನ ಡ್ರಮ್ ಎರಡನ್ನೂ ಒಂದೇ ಕಾರಿನಿಂದ ತಂದು ಹಾಗೇ ಹಾಕಿದರೆ ಮುಂದಿನದೇ ಮೊದಲು ಲಾಕ್ ಆಗುತ್ತದೆ. ಪರೀಕ್ಷೆ ಪಾಸು. ಹಿಂದಿನ ಹಿಡಿತ ಸ್ವಲ್ಪ ದಂಡವಾಗುತ್ತದೆ, ಅಷ್ಟೇ. ಅಪಾಯ ಬರುವುದು ಮುಂದಿನದು ಒಂದು ಕಾರಿನದು, ಹಿಂದಿನದು ಇನ್ನೊಂದರದು, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಮೂರನೆಯದರದು ಅಂತ ಮಾಡಿಕೊಂಡಾಗ. ಆಗ ಕಂಪನಿಯವರು ಮಾಡಿದ ಲೆಕ್ಕ ಯಾವುದೂ ನಿಮ್ಮ ಜೊತೆ ಇರುವುದಿಲ್ಲ. ಎಲ್ಲ ಹೊಸದಾಗಿ ನೀವೇ ಹಾಕಬೇಕು.

ಎಸ್ಕಾರ್ಟ್ ಆಕ್ಸಲ್, ಅದರದೇ ಡ್ರಮ್

1968ರಿಂದ 1980ರವರೆಗೆ ಬಂದ ಹಿಂದಿನ ಚಕ್ರ ಓಡಿಸುವ ಎಸ್ಕಾರ್ಟ್‌ಗಳಲ್ಲಿ ಇಡೀ ಆಕ್ಸಲ್ ಒಂದೇ ತುಂಡು. ನಮ್ಮ ಅಂಬಾಸಡರ್ ಹಿಂದಿನ ಹೌಸಿಂಗ್ ನೋಡಿದವರಿಗೆ ಹೊಸದೇನಲ್ಲ. ಸಾಧಾರಣ ಮಾಡೆಲ್‌ಗಳಲ್ಲಿ 8 ಇಂಚಿನ ಡ್ರಮ್, ಆರ್‌ಎಸ್2000 ತರಹದ ಜೋರು ಮಾಡೆಲ್‌ನಲ್ಲಿ 9 ಇಂಚಿನದು. ಎರಡೂ 13 ಇಂಚಿನ ಚಕ್ರದೊಳಗೆ ಕೂರುತ್ತವೆ.

ಎಸ್ಕಾರ್ಟ್ ಆಕ್ಸಲ್ ಈಗಾಗಲೇ ಕೈಯಲ್ಲಿದ್ದವರು ಎರಡನೇ ಯೋಚನೆ ಮಾಡುವುದು ಬೇಡ, ಡ್ರಮ್ಮೇ ಸಾಕು. ಅದಕ್ಕೆ ಡಿಸ್ಕ್ ಹಾಕುವುದು ಬರೀ ದುಡ್ಡಿನ ಮಾತಲ್ಲ. ಶೂಗಳನ್ನು ಹೊತ್ತಿರುವ ತಗಡು, ಅಂದರೆ ಬ್ಯಾಕ್‌ಪ್ಲೇಟ್ ಬಿಚ್ಚಬೇಕಾದರೆ ಚಕ್ರ ತಿರುಗಿಸುವ ಹಾಫ್‌ಶಾಫ್ಟ್ ಹೊರಗೆ ಎಳೆಯಬೇಕು. ಆಗ ಬೇರಿಂಗ್, ಸೀಲ್ ಹೊಸದು ಹಾಕುವುದೇ ಜಾಣತನ. ಬೇರಿಂಗ್ ಪ್ರೆಸ್ ಮಾಡಿಸೋಕೆ ವರ್ಕ್‌ಶಾಪ್ ಹುಡುಕಬೇಕು. ಒಂದು ಎಳೆ ಎಳೆದರೆ ಹತ್ತು ಎಳೆ ಬರುತ್ತವೆ. 8 ಇಂಚಿಗೂ 9 ಇಂಚಿಗೂ ಇರುವ ವ್ಯತ್ಯಾಸ ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಸುಮ್ನೆ ಇದ್ದದ್ದನ್ನು ಹಾಕಿ.

ಈಗ ಹೊಸದಾಗಿ ಶುರು ಮಾಡುವವರಿಗೆ ಮಾತು ಬೇರೆ. ಹಳೇ ಎಸ್ಕಾರ್ಟ್ ಇವತ್ತು ಗುಜರಿ ಮಾಲಲ್ಲ, ಪ್ರದರ್ಶನಕ್ಕಿಡುವ ಕಾರು. ಅದರ ಆಕ್ಸಲ್‌ಗೆ ಬೇಡಿಕೆ ವಿಪರೀತ. ಡ್ರಮ್ ಅಗ್ಗ ಅಂತ ಹುಡುಕಿಕೊಂಡು ಹೋಗಿ, ಆಕ್ಸಲ್‌ಗೇ ಜೇಬು ಖಾಲಿ ಮಾಡಿಕೊಳ್ಳುವುದು ಲೆಕ್ಕಕ್ಕೆ ಬರುವುದಿಲ್ಲ.

ಸಿಯೆರಾ: ಡ್ರಮ್ಮೂ ಇದೆ, ಡಿಸ್ಕೂ ಇದೆ

ನಿಜವಾದ ಆಯ್ಕೆ ಇರುವುದು ಇಲ್ಲೇ. 1982ರಿಂದ 1993ರವರೆಗೆ ಬಂದ ಸಿಯೆರಾದಲ್ಲಿ ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್. ಹೆಚ್ಚಿನವಕ್ಕೆ ಡ್ರಮ್. ಎಕ್ಸ್‌ಆರ್4×4, ಕಾಸ್ವರ್ತ್ ತರಹದವಕ್ಕೆ ಡಿಸ್ಕ್.

ಡ್ರಮ್ ಪರವಾಗಿ ಹೇಳಬೇಕಾದ ದೊಡ್ಡ ಮಾತು ಒಂದಿದೆ. ಸೆವೆನ್ ತರಹದ ಕಾರುಗಳಲ್ಲಿ ಸಾಮಾನ್ಯವಾಗಿ ಕಾಲಿನ ಬಲ ಹೆಚ್ಚಿಸಿಕೊಡುವ ಬ್ರೇಕ್ ಬೂಸ್ಟರ್ ಇರುವುದಿಲ್ಲ. ಎಂಜಿನ್ ಬದಿ ಜಾಗವೇ ಇಲ್ಲ. ಕಾಲಿನ ಬಲವೇ ಎಲ್ಲ. ಡ್ರಮ್‌ನ ಎರಡು ಶೂಗಳಲ್ಲಿ ತಿರುಗುವ ದಿಕ್ಕಿಗೆ ಮುಂದಿರುವ ಶೂ ತಾನಾಗಿಯೇ ಡ್ರಮ್‌ಗೆ ಕಚ್ಚಿಕೊಳ್ಳುತ್ತದೆ. ಡ್ರಮ್ಮೇ ಅದನ್ನು ಎಳೆದುಕೊಳ್ಳುತ್ತದೆ. ಹೀಗಾಗಿ ಶೂ ಮೇಲೆ ಹಾಕಿದ ಬಲಕ್ಕೆ ಸುಮಾರು ಎರಡು ಪಟ್ಟು ತಿಕ್ಕಾಟದ ಬಲ ಹುಟ್ಟುತ್ತದೆ. ಡಿಸ್ಕ್‌ನಲ್ಲಿ ಈ ಲೆಕ್ಕ 0.8ರ ಆಸುಪಾಸು ಮಾತ್ರ. ಡಿಸ್ಕ್ ಇದನ್ನು ದೊಡ್ಡ ಪಿಸ್ಟನ್ ಹಾಕಿ ಸರಿದೂಗಿಸುತ್ತದೆ. ದೊಡ್ಡ ಪಿಸ್ಟನ್ ಅಂದರೆ ಜಾಸ್ತಿ ಬ್ರೇಕ್ ಆಯಿಲ್ ತಳ್ಳಬೇಕು, ಅಂದರೆ ಮಾಸ್ಟರ್ ಸಿಲಿಂಡರ್ ಬದಲಾಗಬೇಕು, ಪೆಡಲ್ ಬದಲಾಗಬಹುದು. ಬೂಸ್ಟರ್ ಇಲ್ಲದ ಕಾರಿನಲ್ಲಿ ಹಿಂದೆ ಡ್ರಮ್ ಇದ್ದರೆ ಕಾಲಿಗೆ ಹಾಯಿ.

ಇದೇ ಗುಣಕ್ಕೆ ಬೆನ್ನ ಹಿಂದೆ ಒಂದು ದೋಷವೂ ಇದೆ. ತಾನಾಗಿ ಕಚ್ಚುವ ಬ್ರೇಕ್, ಶೂ ಮೇಲೆ ಅಂಟಿಸಿದ ಲೈನಿಂಗ್‌ನ ಹಿಡಿತ ಸ್ವಲ್ಪ ಏರಿಳಿತವಾದರೂ ದೊಡ್ಡದಾಗಿ ತೋರಿಸುತ್ತದೆ. ಮಳೆಯಲ್ಲಿ ನಿಂತ ಕಾರನ್ನು ಬೆಳಿಗ್ಗೆ ತೆಗೆದಾಗ ಮೊದಲ ಬ್ರೇಕ್ ಗಬಕ್ಕನೆ ಹಿಡಿಯುವುದು ಇದರಿಂದಲೇ. ಬಿಸಿಯಾದಾಗ ಇನ್ನೊಂದು ಸಮಸ್ಯೆ. ಡ್ರಮ್ ಹಿಗ್ಗಿ ಶೂವಿನಿಂದ ದೂರ ಹೋಗುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಡಿಸ್ಕ್ ಹಿಗ್ಗಿದರೆ ಅದನ್ನು ಎರಡು ಬದಿಯಿಂದ ಒತ್ತುವ ಪ್ಯಾಡ್ ಕಡೆಗೇ ಬರುತ್ತದೆ. ರೇಸ್ ಟ್ರ್ಯಾಕಿನಲ್ಲಿ ಸುತ್ತು ಹಾಕುವವರಿಗೆ ಇದು ನಿಜವಾದ ವ್ಯತ್ಯಾಸ. ಭಾನುವಾರ ಹಳ್ಳಿ ರಸ್ತೆಯಲ್ಲಿ ಹೋಗಿ ಟೀ ಕುಡಿದು ಬರುವವರಿಗೆ ಅಲ್ಲ.

ಇನ್ನು ಸಿಯೆರಾ ಡಿಸ್ಕ್. ನೋಡೋಕೆ ಚೆನ್ನ. ಪ್ಯಾಡ್ ಬದಲಿಸುವುದು ಸುಲಭ. ಅಲಾಯ್ ಚಕ್ರದ ಕಡ್ಡಿಗಳ ನಡುವೆ ಹೊಳೆಯುವ ಡಿಸ್ಕ್ ಕಂಡರೆ ಮನಸ್ಸಿಗೂ ಖುಷಿ. ಅದನ್ನು ನಾನು ತಳ್ಳಿಹಾಕುವುದಿಲ್ಲ, ಇಷ್ಟೆಲ್ಲ ಕಷ್ಟಪಟ್ಟು ಕಟ್ಟಿದ ಕಾರು ಕಣ್ಣಿಗೂ ಚೆನ್ನಾಗಿರಬೇಕು. ಆದರೆ ಇದರ ಹ್ಯಾಂಡ್‌ಬ್ರೇಕ್ ಕ್ಯಾಲಿಪರ್, ಅಂದರೆ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಇಕ್ಕಳದಂಥ ಭಾಗದ ಒಳಗೇ ಇದೆ. ಲಿವರ್ ಎಳೆದರೆ ಒಳಗಿನ ಸ್ಕ್ರೂ ತಿರುಗಿ ಪಿಸ್ಟನ್ ತಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಈ ಲಿವರ್ ತುಕ್ಕು ಹಿಡಿದು ಜಾಮ್ ಆಗುವುದು ಮಾಮೂಲು. ಒಂದು ಬದಿ ಹಿಡಿದು ಇನ್ನೊಂದು ಬದಿ ಹಿಡಿಯದಿದ್ದರೆ ಪರೀಕ್ಷೆಯ ರೋಲರ್ ಮೇಲೆ ಸಿಕ್ಕಿಬೀಳುತ್ತೀರಿ. ಡಿಸ್ಕೇ ಬೇಕು ಅಂದರೆ ಡಿಸ್ಕ್ ಇದ್ದ ಕಾರಿನಿಂದಲೇ ಹಬ್, ಬ್ರಾಕೆಟ್, ಶಾಫ್ಟ್, ಕೇಬಲ್ ಸಮೇತ ಪೂರ್ತಿ ಸೆಟ್ ತನ್ನಿ. ಕ್ಯಾಲಿಪರ್ ಮಾತ್ರ ಬೇರೆ ಕಡೆಯಿಂದ ಕೊಂಡು, ಅಳತೆ ಕೂಡಲಿಲ್ಲ ಅಂತ ಆಮೇಲೆ ಕೈ ಹಿಸುಕಿಕೊಳ್ಳಬೇಡಿ. ಆ ಸೆಟ್ಟಿನ ಕ್ಯಾಲಿಪರನ್ನು ಮಾತ್ರ ರೀಕಂಡೀಷನ್ ಮಾಡಿಸಿ ಹಾಕಿ.

ಡ್ರಮ್ ಹಳೇ ಕಾಲದ್ದು ಅಂತ ಮೂಗು ಮುರಿಯುವವರಿಗೆ ಎರಡು ಉದಾಹರಣೆ. ಫೋಕ್ಸ್‌ವ್ಯಾಗನ್‌ನ ಎಲೆಕ್ಟ್ರಿಕ್ ಕಾರು ಐಡಿ.3 ಹಿಂದಿನ ಚಕ್ರಕ್ಕೆ ಡ್ರಮ್ಮನ್ನೇ ಹಾಕಿಕೊಂಡು ಬಂತು. ಅದರಲ್ಲಿ ಮೋಟಾರೇ ವೇಗ ತಗ್ಗಿಸುವುದರಿಂದ ಹಿಂದಿನ ಬ್ರೇಕ್‌ಗೆ ಕೆಲಸ ಕಡಿಮೆ, ಮುಚ್ಚಿದ ಡ್ರಮ್‌ಗೆ ತುಕ್ಕಿನ ಕಾಟವೂ ಕಡಿಮೆ. ನಿಮ್ಮ ಕಿಟ್ ಕಾರಿನ ಕತೆಯೂ ಇದೇ ಅಲ್ವಾ? ಇನ್ನೊಂದು, ಕೇಟರ್‌ಹ್ಯಾಮ್‌ನವರೇ ತಂದ ಸೆವೆನ್ 160. ಸುಜುಕಿಯ 660 ಸಿಸಿ ಟರ್ಬೊ ಎಂಜಿನ್, ಸುಜುಕಿಯದೇ ಹಿಂದಿನ ಆಕ್ಸಲ್, ಹಿಂದೆ ಡ್ರಮ್. ಐನೂರು ಕಿಲೋ ಒಳಗಿನ ಕಾರಿಗೆ ಅದು ಸಾಕು ಅಂತ ಅವರಿಗೇ ಅನಿಸಿದೆ.

ಎಂಎಕ್ಸ್-5: ಪ್ರಶ್ನೆಯೇ ಬರುವುದಿಲ್ಲ

1989ರಲ್ಲಿ ಬಂದಾಗಿನಿಂದ ಈ ಕಾರಿಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್. ಡ್ರಮ್ ಅನ್ನುವ ಮಾತೇ ಇಲ್ಲ. ಮುಂದೆ, ಹಿಂದೆ, ಮಾಸ್ಟರ್ ಸಿಲಿಂಡರ್ ಎಲ್ಲ ಒಂದೇ ಕಾರಿನದು, ಮೇಲೆ ಹೇಳಿದ ಬ್ಯಾಲೆನ್ಸ್ ಲೆಕ್ಕ ಹೆಚ್ಚು ಕೆಡುವುದಿಲ್ಲ. ಬಿಡಿಭಾಗ ಸಲೀಸಾಗಿ ಸಿಗುತ್ತವೆ. ಈಗ ಹೊಸದಾಗಿ ಶುರು ಮಾಡುವವರು, ಅದರಲ್ಲೂ ಮೊದಲ ಕಾರು ಕಟ್ಟುವವರು ಇದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಡಿಸ್ಕ್ ಇದೆ ಅಂತಲ್ಲ, ಎಲ್ಲವೂ ಒಂದೇ ಮನೆಯದು ಅಂತ.

ಹ್ಯಾಂಡ್‌ಬ್ರೇಕ್ ಇಲ್ಲೂ ಕ್ಯಾಲಿಪರ್ ಒಳಗೇ. ಹಿಂದಿನ ಬದಿಯ ಒಂದು ಬೋಲ್ಟ್ ಬಿಚ್ಚಿ, ಅಲೆನ್ ಕೀ ಹಾಕಿ ಹೊಂದಿಸುವ ಏರ್ಪಾಡಿದೆ. ಮೊದಲು ಅದನ್ನು ಹೊಂದಿಸಿ ಆಮೇಲೆ ಕೇಬಲ್ ಬಿಗಿ ಮಾಡಬೇಕು. ಚಳಿಗಾಲದ ಜಾಮ್ ಇಲ್ಲಿಯೂ ತಪ್ಪಿದ್ದಲ್ಲ. ತಿಂಗಳಿಗೊಮ್ಮೆ ಕಾರನ್ನು ಹೊರಗೆ ತೆಗೆದು ನಾಲ್ಕು ಸಲ ಬ್ರೇಕ್ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟರೆ ಸಾಕು.

ಬಜಾರಿನ ಡಿಸ್ಕ್ ಕಿಟ್

ಹಳೇ ಆಕ್ಸಲ್‌ಗೆ ಹೊಂದುವ ಬ್ರಾಕೆಟ್, ಹಗುರವಾದ ಅಲ್ಯೂಮಿನಿಯಂ ಕ್ಯಾಲಿಪರ್, ಹ್ಯಾಂಡ್‌ಬ್ರೇಕ್‌ಗೆ ಅಂತಲೇ ಬೇರೆ ಪುಟ್ಟ ಮೆಕ್ಯಾನಿಕಲ್ ಕ್ಯಾಲಿಪರ್, ಹೀಗೆ ಕಿಟ್‌ಗಳು ಸಿಗುತ್ತವೆ. ತೂಕ ಉಳಿಯುತ್ತದೆ, ಬೆಲೆ ನೂರಾರು ಪೌಂಡ್ ಮುಟ್ಟುತ್ತದೆ. ಒಂದು ಜೊತೆ ಶೂ, ಅವನ್ನು ತಳ್ಳುವ ವೀಲ್ ಸಿಲಿಂಡರ್, ಸ್ಪ್ರಿಂಗ್ ಸೆಟ್ ಇದರ ಸಣ್ಣ ಪಾಲಿಗೆ ಬರುತ್ತವೆ. ಆ ಪುಟ್ಟ ಹ್ಯಾಂಡ್‌ಬ್ರೇಕ್ ಕ್ಯಾಲಿಪರ್‌ಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಚಿಕ್ಕ ಪ್ಯಾಡ್, ಚಿಕ್ಕ ಲಿವರ್. ಕೇಬಲ್ ದಾರಿ ಸ್ವಲ್ಪ ಡೊಂಕಾದರೂ ಇಳಿಜಾರಿನಲ್ಲಿ ಕಾರು ಜಾರುತ್ತದೆ. ವಾರ ವಾರ ಟ್ರ್ಯಾಕಿಗೆ ಹೋಗುವವರು ಮಾತ್ರ ಇದರ ಬಗ್ಗೆ ಯೋಚಿಸಲಿ. ಡಿಸ್ಕ್‌ನ ನಡುವಿನ ಟೋಪಿಯಂಥ ಭಾಗದೊಳಗೇ ಸಣ್ಣ ಡ್ರಮ್ ಇಟ್ಟು ಹ್ಯಾಂಡ್‌ಬ್ರೇಕ್ ಮಾಡುವ ಬಿಎಂಡಬ್ಲ್ಯು ತರಹದ ಏರ್ಪಾಡು ಇದೆಲ್ಲಕ್ಕಿಂತ ಚೆನ್ನ. ಆದರೆ ಅದು ಬೇಕಾದರೆ ಬಿಎಂಡಬ್ಲ್ಯುವನ್ನೇ ಡೋನರ್ ಕಾರಾಗಿ ಆರಿಸಬೇಕು, ಇನ್ನೊಂದು ಆಕ್ಸಲ್‌ಗೆ ತಂದು ಅಂಟಿಸುವುದು ಮನೆ ಕೆಲಸ ಅಲ್ಲ.

ಡ್ರಮ್ ಅಂತ ತೀರ್ಮಾನಿಸಿದವರಿಗೆ

ಹಳೇ ಡ್ರಮ್ ಬಿಚ್ಚುವಾಗ ಒಳಗಿನ ಪುಡಿಯನ್ನು ಗಾಳಿ ಹೊಡೆದು ಊದಬೇಡಿ. ಎಪ್ಪತ್ತು, ಎಂಬತ್ತರ ದಶಕದ ಲೈನಿಂಗ್‌ನಲ್ಲಿ ಕಲ್ನಾರು ಇರುತ್ತಿತ್ತು. ಬ್ರಿಟನ್ ಅದನ್ನು ಪೂರ್ತಿ ನಿಲ್ಲಿಸಿದ್ದು 1999ರಲ್ಲಿ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಕಿ.

ಡ್ರಮ್ ಎಷ್ಟು ಸವೆಯಬಹುದು ಅನ್ನುವ ಗರಿಷ್ಠ ಅಳತೆಯನ್ನು ಸಾಮಾನ್ಯವಾಗಿ ಡ್ರಮ್ ಮೇಲೇ ಅಚ್ಚು ಹಾಕಿರುತ್ತಾರೆ. ಅದನ್ನು ದಾಟಿದ್ದರೆ ಲೇತ್‌ಗೆ ಕೊಡುವುದು ದಂಡ, ಹೊಸದು ತನ್ನಿ. ವೀಲ್ ಸಿಲಿಂಡರ್ ಅಂತೂ ಹಳೆಯದು ಚೆನ್ನಾಗಿ ಕಂಡರೂ ಹೊಸದನ್ನೇ ಹಾಕಿ. ರಬ್ಬರ್ ಬೂಟ್ ಎತ್ತಿ ನೋಡಿದರೆ ಒಳಗೆ ಬ್ರೇಕ್ ಆಯಿಲ್ ಒಸರಿ ನಿಂತಿರುವುದು ಆಗಾಗ ಕಾಣುತ್ತದೆ.

ಬ್ಯಾಲೆನ್ಸ್ ತಿದ್ದುವ ಅಗ್ಗದ ದಾರಿ ಇರುವುದೂ ಈ ಸಿಲಿಂಡರ್‌ನಲ್ಲೇ. ಬೋರ್, ಅಂದರೆ ಸಿಲಿಂಡರ್‌ನ ಒಳತೂತಿನ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 19.05 ಮಿಲಿಮೀಟರ್ ಬೋರ್ ಬದಲು 17.78 ಹಾಕಿದರೆ ಹಿಂದಿನ ಬ್ರೇಕ್ ಬಲ ಸುಮಾರು 13 ಶೇಕಡಾ ತಗ್ಗುತ್ತದೆ. 15.87 ಹಾಕಿದರೆ 31 ಶೇಕಡಾ. ಹಿಂದಿನದು ಬೇಗ ಲಾಕ್ ಆಗುತ್ತಿದ್ದರೆ ಚಿಕ್ಕದು, ಹಿಂದಿನದು ಏನೂ ಕೆಲಸ ಮಾಡುತ್ತಿಲ್ಲ ಅನ್ನಿಸಿದರೆ ದೊಡ್ಡದು. ದೊಡ್ಡದು ಹಾಕಿದರೆ ಪೆಡಲ್ ಸ್ವಲ್ಪ ಜಾಸ್ತಿ ಕೆಳಗೆ ಹೋಗುತ್ತದೆ ಅನ್ನುವುದು ನೆನಪಿರಲಿ. ಇಷ್ಟು ಅಗ್ಗದ ತಿದ್ದುಪಡಿ ಹಿಂದಿನ ಡಿಸ್ಕ್‌ನಲ್ಲಿ ಇಲ್ಲ. ಪೆಡಲ್ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಬ್ಯಾಲೆನ್ಸ್ ಬಾರ್ ಇರುವ ಪೆಡಲ್ ಬಾಕ್ಸ್ ಹಾಕಿದವರು ಅದನ್ನು ತಿರುಗಿಸಿ ಹೊಂದಿಸಬಹುದು, ಆದರೆ ಐವಿಎಗೆ ಹೋಗುವಾಗ ಅದು ಅಲ್ಲಾಡದ ಹಾಗೆ ಲಾಕ್ ಆಗಿರಬೇಕು.

ಪೈಪ್ ಜೋಡಿಸುವಾಗ ಥ್ರೆಡ್ ಕಡೆ ಕಣ್ಣಿರಲಿ. ಹಳೇ ಬ್ರಿಟಿಷ್ ಸಾಮಾನಿನಲ್ಲಿ ಮೂರೆಂಟಾಂಶ ಇಂಚಿನ ಯುಎನ್‌ಎಫ್ ಥ್ರೆಡ್, ಆಮೇಲಿನವುಗಳಲ್ಲಿ ಎಂ10 ಮೆಟ್ರಿಕ್. ಮೂರೆಂಟಾಂಶದ ನಟ್ ಎಂ10 ತೂತಿಗೆ ಆರಾಮವಾಗಿ ಇಳಿಯುತ್ತದೆ. ಬೆರಳಲ್ಲೇ ತಿರುಗುತ್ತದೆ, ಕೊನೆಗೆ ಬಿಗಿಯಾದ ಹಾಗೂ ಅನಿಸುತ್ತದೆ. ಪೆಡಲ್ ಜೋರಾಗಿ ಒತ್ತಿದ ದಿನ ಥ್ರೆಡ್ ಕಿತ್ತು ಬರುತ್ತದೆ. ಬೆರಳಿಗೆ ಲಟಪಟ ಅನ್ನಿಸಿದ ನಟ್‌ಗೆ ಪಾನಾ ಹಾಕಲೇಬೇಡಿ.

ಶೂ ಜೋಡಿಸುವಾಗ ಒಂದು ಬದಿ ಬಿಚ್ಚಿ, ಇನ್ನೊಂದು ಬದಿ ಹಾಗೇ ಇಟ್ಟುಕೊಂಡು ನೋಡಿಕೊಂಡು ಜೋಡಿಸಿ. ಎರಡೂ ಬಿಚ್ಚಿ ಹರಡಿಕೊಂಡರೆ ಯಾವ ಸ್ಪ್ರಿಂಗ್ ಯಾವ ತೂತಿಗೆ ಅಂತ ಹುಡುಕುತ್ತಾ ಸಂಜೆಯಾಗುತ್ತದೆ. ಅಡ್ಜಸ್ಟರ್‌ಗಳು ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಇರುತ್ತವೆ. ಶೂವಿನ ಅಂಚು ಬ್ಯಾಕ್‌ಪ್ಲೇಟ್ ಮೇಲೆ ಉಜ್ಜುವ ಉಬ್ಬುಗಳಿವೆ ನೋಡಿ, ಅವಕ್ಕೆ ಬಿಸಿ ತಾಳುವ ಬ್ರೇಕ್ ಗ್ರೀಸ್ ಒಂದು ಚೂರು ಸವರಿ. ಬೆರಳ ತುದಿಯಷ್ಟು ಸಾಕು. ಜಾಸ್ತಿಯಾದರೆ ಲೈನಿಂಗ್ ಮೇಲೆ ಹೋಗುತ್ತದೆ, ಆಮೇಲೆ ಆ ಶೂ ಕೆಲಸಕ್ಕೆ ಬರುವುದಿಲ್ಲ.

ಗೆಳೆಯರೊಬ್ಬರ ಕಾರಿನಲ್ಲಿ ಎಷ್ಟು ಏರ್ ತೆಗೆದರೂ ಪೆಡಲ್ ಸ್ಪಂಜಿನ ಹಾಗೆ ಮೆತ್ತಗೇ ಇತ್ತು. ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನ ಪಟ್ಟು ಅದನ್ನೂ ಬದಲಿಸಿಯಾಗಿತ್ತು. ಕೊನೆಗೆ ಕಾರಿನ ಕೆಳಗೆ ಮಲಗಿ ನೋಡಿದರೆ ಬ್ಯಾಕ್‌ಪ್ಲೇಟ್ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂತಿವೆ. ಏರ್ ತೆಗೆಯುವ ನಿಪ್ಪಲ್ ಪೈಪಿಗಿಂತ ಕೆಳಗೆ ಬಂದಿದೆ. ಗಾಳಿ ಯಾವತ್ತೂ ಮೇಲೇ ನಿಲ್ಲುತ್ತದೆ, ನಿಪ್ಪಲ್ ಕೆಳಗಿದ್ದರೆ ಅದು ಹೊರಗೆ ಬರುವುದಾದರೂ ಹೇಗೆ? ಅದಲು ಬದಲು ಮಾಡಿ ಇನ್ನೊಮ್ಮೆ ಏರ್ ತೆಗೆದರು, ಪೆಡಲ್ ಕಲ್ಲಾಯಿತು. ನೀವೇ ವೆಲ್ಡ್ ಮಾಡಿದ ಹಬ್ ಬ್ರಾಕೆಟ್‌ಗೆ ಬ್ಯಾಕ್‌ಪ್ಲೇಟ್ ಹೇಗೆ ಬೇಕಾದರೂ ಕೂರಬಹುದು, ಕಂಪನಿ ಕಾರಿನಲ್ಲಿ ಹಾಗಲ್ಲ. ಹಾಗೇ ಬ್ಯಾಕ್‌ಪ್ಲೇಟ್ ಹಿಂದೆ ಲೈನಿಂಗ್ ನೋಡುವ, ರಬ್ಬರ್ ಮುಚ್ಚಳ ಇರುವ ತೂತಿಗೆ ಸಸ್ಪೆನ್ಷನ್ ಪಟ್ಟಿ ಅಡ್ಡ ಬರದ ಹಾಗೆ ನೋಡಿಕೊಳ್ಳಿ.

ಹ್ಯಾಂಡ್‌ಬ್ರೇಕ್ ಹೊಂದಿಸುವ ಕ್ರಮ ಬಹಳ ಮುಖ್ಯ. ಕೇಬಲ್ ಪೂರ್ತಿ ಸಡಿಲ ಬಿಟ್ಟು, ಮೊದಲು ಶೂ ಮತ್ತು ಡ್ರಮ್ ನಡುವಿನ ಸಂದನ್ನು ಅಡ್ಜಸ್ಟರ್‌ನಲ್ಲಿ ಹೊಂದಿಸಿ. ಚಕ್ರ ತಿರುಗಿಸಿದಾಗ ಶೂ ಸವರಿದ ಸಣ್ಣ ಸದ್ದು ಬರಬೇಕು, ಚಕ್ರ ತಡೆಯಬಾರದು. ಆಮೇಲಷ್ಟೇ ಕೇಬಲ್‌ನ ಸಡಿಲ ತೆಗೆಯಬೇಕು. ಲಿವರ್ ಮೇಲಕ್ಕೆ ಬರುತ್ತಿದೆ ಅಂತ ಕೇಬಲ್ಲನ್ನೇ ಎಳೆದು ಬಿಗಿ ಮಾಡಿದರೆ, ಡ್ರಮ್ ಒಳಗಿನ ಲಿವರ್ ತನ್ನ ಜಾಗಕ್ಕೆ ವಾಪಸ್ ಹೋಗುವುದಿಲ್ಲ. ಆಗ ಸೆಲ್ಫ್ ಅಡ್ಜಸ್ಟರ್ ಕೆಲಸ ಮಾಡುವುದೇ ನಿಂತುಹೋಗುತ್ತದೆ. ಡ್ರಮ್ ಹ್ಯಾಂಡ್‌ಬ್ರೇಕ್ ಹಿಡಿಯಲ್ಲ ಅಂತ ಬೈಯುವವರ ಕಾರು ಬಿಚ್ಚಿದರೆ ಬಹಳ ಸಲ ಕಾಣುವುದು ಇದೇ.

ಚಳಿಗಾಲಕ್ಕೆ ಕಾರು ಮಲಗಿಸುವಾಗ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ಒದ್ದೆ ಹವೆಯಲ್ಲಿ ಶೂ ಡ್ರಮ್‌ಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಟ್ಟೆ ಕೊಡಿ.

ಯಾರಿಗೆ ಯಾವುದು

ದುಡ್ಡು ಬಿಗಿ ಇದೆ, ಡ್ರಮ್ ಇರುವ ಆಕ್ಸಲ್ ಕೈಯಲ್ಲಿದೆ, ರಸ್ತೆಯಲ್ಲಷ್ಟೇ ಓಡಿಸುವುದು ಅನ್ನುವವರು ಡ್ರಮ್ ಇಟ್ಟುಕೊಳ್ಳಿ. ಉಳಿದ ದುಡ್ಡನ್ನು ಒಳ್ಳೆಯ ಟೈರಿಗೆ ಹಾಕಿ, ಕಾರು ನಿಲ್ಲಿಸುವುದರಲ್ಲಿ ಅದರ ಪಾಲು ಜಾಸ್ತಿ. ಏನೂ ಕೊಂಡಿಲ್ಲ, ಈಗಷ್ಟೇ ಶುರು ಅನ್ನುವವರಿಗೆ ಎಂಎಕ್ಸ್-5. ಸಿಯೆರಾ ಡ್ರಮ್ ಇದೆ, ಡಿಸ್ಕ್ ಮೇಲೆ ಆಸೆಯೂ ಇದೆ ಅನ್ನುವವರು ಮೊದಲು ಡ್ರಮ್ ಹಾಕಿ ಪರೀಕ್ಷೆ ಪಾಸು ಮಾಡಿಸಿಕೊಳ್ಳಿ. ಒಂದು ಬೇಸಿಗೆ ಓಡಿಸಿ ನೋಡಿ. ಹೆಚ್ಚಿನವರಿಗೆ ಆ ಆಸೆ ಅಷ್ಟರಲ್ಲಿ ಎಂಜಿನ್ ಕಡೆ ತಿರುಗಿರುತ್ತದೆ. ಟ್ರ್ಯಾಕಿಗೇ ಹೋಗುವವರು ಡಿಸ್ಕ್ ಹಾಕಿ, ಜೊತೆಗೆ ಮಾಸ್ಟರ್ ಸಿಲಿಂಡರ್ ಲೆಕ್ಕವನ್ನೂ ಹೊಸದಾಗಿ ಹಾಕಿ.

ಕರ್ನಾಟಕದಲ್ಲಿ ಇರುವವರಿಗೆ ಈ ಆಯ್ಕೆ ಸದ್ಯಕ್ಕೆ ರಸ್ತೆಯ ಮಾತಲ್ಲ. ಭಾರತದಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನು ನೋಂದಾಯಿಸಲು ಬ್ರಿಟನ್ನಿನ ಐವಿಎಯಂಥ ಸುಲಭದ ದಾರಿ ಇಲ್ಲ. ಕಂಪನಿ ಕೊಟ್ಟ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಉಳಿಯುವುದು ಬಾಹಾ, ಅಂದರೆ ಎಂಜಿನಿಯರಿಂಗ್ ಕಾಲೇಜಿನವರು ಸ್ಪರ್ಧೆಗೆ ಅಂತ ಕಟ್ಟುವ ಗಾಡಿ. ಅಲ್ಲಿ ಒಂದೇ ಸಲ ಪೆಡಲ್ ಒತ್ತಿದಾಗ ನಾಲ್ಕೂ ಚಕ್ರ ಲಾಕ್ ಆಗಿ ತೋರಿಸಬೇಕು. ಗುಜರಿ ಅಂಗಡಿಯ ಮಾರುತಿ 800 ಡ್ರಮ್ ಅಗ್ಗ ಅಂತ ಕೈ ಹಾಕುವ ಮುಂಚೆ ಅದರ ಹಬ್ ಸಮೇತ ತಕ್ಕಡಿಯಲ್ಲಿಟ್ಟು ನೋಡಿ. ಹಿಂದಿನ ಆಕ್ಸಲ್ ನಡುವೆ ಎರಡೂ ಚಕ್ರಕ್ಕೆ ಸೇರಿ ಒಂದೇ ಡಿಸ್ಕ್ ಹಾಕಿದರೆ ಅದಕ್ಕಿಂತ ಹಗುರ, ಒಂದೇ ಕ್ಯಾಲಿಪರ್, ಒಂದೇ ಪೈಪ್.